ಹಿಪ್ಪೋದ ಸಂತ ಅಗಸ್ಟೀನರು

ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದ ಸಂತ ಅಗಸ್ಟೀನರು ಸಂತ ಮೋನಿಕಮ್ಮನವರ ಪುತ್ರರು. ಹದಿನಾರರ ಹರೆಯದಲ್ಲಿ ಗೆಳೆಯರೊಡನೆ ನೆರೆಯ ತೋಟದ ಹಣ್ಣುಗಳನ್ನು ಕದ್ದು, ಹೆಚ್ಚಿನವನ್ನು ಹಂದಿಗಳಿಗೆಸೆದರು. ಹಸಿವಿಲ್ಲದೆಯೂ ಕಳ್ಳತನವು ಹಿತವೆನಿಸಿದ್ದೇಕೆಂಬ ಪ್ರಶ್ನೆಯು ಧರ್ಮಾಧ್ಯಕ್ಷರಾದ ಮೇಲೂ ಅವರನ್ನು ಬಿಡಲಿಲ್ಲ. 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನ ಸಂತ ಅಂಬ್ರೋಸರಿಂದ ಮಗನೊಡನೆ ಜ್ಞಾನಸ್ನಾನ ಪಡೆದಿದ್ದರು.

ಬ್ರಿಟನ್ ಮೂಲದ ವಿರಕ್ತ ಪೆಲಾಜಿಯನು, ಆದಾಮನ ಪಾಪವು ಆದಾಮನೊಬ್ಬನದೇ, ಮನುಷ್ಯನು ಸ್ವಶಕ್ತಿಯಿಂದಲೇ ಪಾಪರಹಿತನಾಗಿ ಬಾಳಬಲ್ಲನೆಂದು ಬೋಧಿಸಿದನು. ಆತನೇನೂ ದುರ್ನಡತೆಯವನಲ್ಲ, ಸೋಮಾರಿ ಕ್ರೈಸ್ತರನ್ನು ಎಚ್ಚರಿಸಬಯಸಿದವನೇ. ಆದರೆ ತಮ್ಮ ಸಂಕಲ್ಪದ ದೌರ್ಬಲ್ಯವನ್ನು ಅನುಭವದಿಂದ ಬಲ್ಲ ಅಗಸ್ಟೀನರು, ಹಾಗಾದಲ್ಲಿ ಯೇಸುಸ್ವಾಮಿಯ ಶಿಲುಬೆಯೇ ವ್ಯರ್ಥವಾಗುವುದೆಂದು ವಾದಿಸಿದರು. ವರಪ್ರಸಾದವಿಲ್ಲದೆ ವಿಶ್ವಾಸದ ಮೊದಲ ಹೆಜ್ಜೆಯೂ ಅಸಾಧ್ಯವೆಂದರು. 418ರ ಕಾರ್ಥೇಜ್ ಮಹಾಸಭೆಯು ಪೆಲಾಜಿಯನ ಬೋಧೆಯನ್ನು ತಿರಸ್ಕರಿಸಿತು.

ಜ್ಞಾನಸ್ನಾನವಿಲ್ಲದೆ ಮಡಿದ ಶಿಶುಗಳಿಗೂ, ಅತಿ ಲಘುವಾದರೂ, ದಂಡನೆಯುಂಟೆಂದು ಅವರು ಬರೆದರು. ಈ ಮಾತಿನಲ್ಲಿ ಧರ್ಮಸಭೆಯು ಅವರನ್ನು ಕೊನೆಯವರೆಗೆ ಅನುಸರಿಸಲಿಲ್ಲ. ಜನ್ಮಪಾಪವು ನಾವು ಹೊತ್ತುಬಂದ ಸ್ಥಿತಿಯೇ ಹೊರತು ನಾವೆಸಗಿದ ಅಪರಾಧವಲ್ಲವೆಂದು ಬೋಧಿಸುವ 1992ರ ಧರ್ಮೋಪದೇಶ ಗ್ರಂಥವು, ಅಂಥ ಕಂದಮ್ಮಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಹಸುಗೂಸನ್ನು ಮಣ್ಣಿಗಿತ್ತ ತಾಯಂದಿರಿಗೆ ಇದನ್ನು ತಿಳಿಸದಿರುವುದು ಅನ್ಯಾಯವೇ ಸರಿ.

430ರ ಆಗಸ್ಟ್ 28ರಂದು, ವ್ಯಾಂಡಲರು ಹಿಪ್ಪೋವನ್ನು ಮುತ್ತಿದ್ದಾಗ, ಪಶ್ಚಾತ್ತಾಪದ ಕೀರ್ತನೆಗಳನ್ನು ಗೋಡೆಗೆ ತೂಗಿಸಿಕೊಂಡು ಓದಿ ಕಣ್ಣೀರಿಡುತ್ತಿದ್ದ ಅವರು ದೈವಾಧೀನರಾದರು.