ಬಹಿಷ್ಕಾರದಿಂದ ಮೈತ್ರಿಯವರೆಗೆ: ಚುನಾವಣೆ ಮತ್ತು ರಾಜಾಜಿಯವರ ರಾಜಕೀಯ ನಿಲುವುಗಳು

ಚಕ್ರವರ್ತಿ ರಾಜಗೋಪಾಲಾಚಾರಿಯವರ (1878–1972) ರಾಜಕೀಯ ಜೀವನವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಅರ್ಥೈಸಲಾಗುತ್ತದೆ. ಅವರು ಕಾಲಕ್ಕಿಂತ ಮುಂದಿದ್ದ ದಾರ್ಶನಿಕರು ಎಂಬುದು ಒಂದು. ಸಂದರ್ಭಕ್ಕೆ ತಕ್ಕಂತೆ ನಿಲುವು ಬದಲಿಸಿದವರು ಎಂಬುದು ಇನ್ನೊಂದು. ಮತದಾರನೊಡನೆ ಅವರಿಗಿದ್ದ ಸಂಬಂಧವು ವಯಸ್ಸಿನೊಂದಿಗೆ ಹೇಗೆ ಬದಲಾಯಿತು ಎಂಬ ಪ್ರಶ್ನೆಯನ್ನು ಈ ಎರಡೂ ಓದುಗಳು ಬದಿಗಿರಿಸುತ್ತವೆ.

ಹೊಸೂರು ಸಮೀಪದ ತೊರಪಳ್ಳಿಯಲ್ಲಿ ಜನಿಸಿದ ರಾಜಾಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದರಾಸಿನಲ್ಲಿ ಕಾನೂನು ಓದಿ, ಸೇಲಂನಲ್ಲಿ ವಕೀಲರಾದರು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅಸಹಕಾರ ಚಳವಳಿಯಲ್ಲಿ ವಕೀಲಿಯನ್ನು ತ್ಯಜಿಸಿದ ಅವರು, 1922ರ ಗಯಾ ಕಾಂಗ್ರೆಸ್ ಅಧಿವೇಶನದಲ್ಲಿ ಚಿತ್ತರಂಜನ ದಾಸರ ಶಾಸನಸಭಾ ಪ್ರವೇಶದ ವಾದವನ್ನು ಪ್ರಬಲವಾಗಿ ವಿರೋಧಿಸಿದರು. ಪರಕೀಯ ಆಳ್ವಿಕೆಯಡಿ ನಡೆಯುವ ಚುನಾವಣೆಯು ಆ ಆಳ್ವಿಕೆಗೆ ಮಾನ್ಯತೆ ನೀಡುತ್ತದೆ ಎಂಬುದು ಅಂದಿನ ಅವರ ನಿಲುವು.

ಹದಿನೈದು ವರ್ಷಗಳೊಳಗೆ ಈ ನಿಲುವು ತಿರುಗುಮುರುಗಾಯಿತು. 1937ರಲ್ಲಿ ಮದರಾಸು ವಿಶ್ವವಿದ್ಯಾಲಯ ಕ್ಷೇತ್ರದಿಂದ ಆಯ್ಕೆಯಾಗಿ ಅವರು ಪ್ರಾಂತದ ಪ್ರಧಾನಿಯಾದರು. ಅವರನ್ನು ಆರಿಸಿದವರು ಪದವೀಧರರು ಎಂಬುದು ಇಲ್ಲಿ ಗಮನಾರ್ಹ. ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೊಳಿಸಿದ ಅದೇ ಸರ್ಕಾರ 1938ರಲ್ಲಿ 125 ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿತು. ಪ್ರತಿಭಟಿಸಿದವರನ್ನು ಸೆರೆಮನೆಗೆ ಕಳುಹಿಸಿತು. ಜನಹಿತವೇನೆಂಬುದನ್ನು ಬಲ್ಲವರು ನಿರ್ಧರಿಸಬೇಕೆಂಬ ವಿಶ್ವಾಸ ಈ ಎರಡೂ ಕ್ರಮಗಳ ಹಿಂದಿದೆ.

ವಯಸ್ಕ ಮತದಾನ ಪದ್ಧತಿಯ ಮೊದಲ ಚುನಾವಣೆ ಈ ವಿಶ್ವಾಸವನ್ನು ಪರೀಕ್ಷೆಗೊಡ್ಡಿತು. 1952ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿಗೆ 375ರಲ್ಲಿ 152 ಸ್ಥಾನಗಳಷ್ಟೇ ದೊರೆತಾಗ, ಎಪ್ಪತ್ತಮೂರರ ರಾಜಾಜಿಯವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿಯಾಗಿಸಲಾಯಿತು. ಜನರ ಮತ ಕೇಳದೆ ಅಧಿಕಾರಕ್ಕೆ ಬಂದ ಅವರು, 1953ರಲ್ಲಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿಯೂ ಉಳಿದ ವೇಳೆ ಮನೆತನದ ಕಸುಬಿನಲ್ಲಿಯೂ ತೊಡಗುವ ಶಿಕ್ಷಣ ಯೋಜನೆಯನ್ನು ತಂದರು. ಜಾತಿವೃತ್ತಿಯನ್ನು ಶಾಶ್ವತಗೊಳಿಸುವ ಕುಲಶಿಕ್ಷಣವಿದೆಂದು ಪೆರಿಯಾರ್ ಮೊದಲಾದವರು ವಿರೋಧಿಸಿದರು. 1954ರಲ್ಲಿ ರಾಜಾಜಿಯವರು ರಾಜೀನಾಮೆ ಕೊಟ್ಟರು. ಉತ್ತರಾಧಿಕಾರಿ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಕೂಡುಬೇಸಾಯದ ಪರವಾಗಿದ್ದ ನಾಗಪುರ ನಿರ್ಣಯದ ಬೆನ್ನಿಗೇ, 1959ರಲ್ಲಿ, ಎಂಬತ್ತರ ಹರೆಯದ ಅವರು ಸ್ವತಂತ್ರ ಪಕ್ಷವನ್ನು ಕಟ್ಟಿದರು. ಒಂದೇ ಪಕ್ಷದ ಮಿತಿಮೀರಿದ ಬಲ ಪ್ರಜಾಪ್ರಭುತ್ವಕ್ಕೆ ಅಪಾಯ, ಮತವೆಂಬುದು ಸರ್ಕಾರವನ್ನು ಹದ್ದಿನಲ್ಲಿಡುವ ಸಾಧನ ಎಂಬ ನೆಲೆಗೆ ಅವರು ಬಂದಿದ್ದರು. ಒಮ್ಮೆ ಹಿಂದಿಯನ್ನು ಹೇರಿದವರೇ ಈಗ ಅದರ ಹೇರಿಕೆಯನ್ನು ಖಂಡಿಸಿದರು. 1952ರಲ್ಲಿ ಕಮ್ಯುನಿಸ್ಟರನ್ನು ಮೊದಲ ಶತ್ರುಗಳೆಂದು ಸಾರಿದ್ದವರು, 1967ರಲ್ಲಿ ದ್ರಾವಿಡ ಮುನ್ನೇತ್ರ ಕಳಗದೊಡನೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟರೂ ಇದ್ದ ಮೈತ್ರಿಕೂಟವನ್ನು ಸೇರಿದರು. ಮದರಾಸಿನಲ್ಲಿ ಕಾಂಗ್ರೆಸ್ ಸೋತಿತು. ಲೋಕಸಭೆಯಲ್ಲಿ ಸ್ವತಂತ್ರ ಪಕ್ಷ 44 ಸ್ಥಾನ ಗಳಿಸಿತು.

ಆದರೆ ಮತದಾರ ಯಾರ ಲೆಕ್ಕಾಚಾರಕ್ಕೂ ಬದ್ಧನಲ್ಲ. 1971ರಲ್ಲಿ ರಾಜಾಜಿಯವರು ಕಾಮರಾಜರ ಜೊತೆಗೂಡಿ ಕಳಗವನ್ನು ಎದುರಿಸಿದಾಗ ಸೋಲು ಕಾದಿತ್ತು. ಲೋಕಸಭೆಯಲ್ಲಿ ಅವರ ಪಕ್ಷ 8 ಸ್ಥಾನಗಳಿಗೆ ಕುಸಿಯಿತು. ಅವರೇ ಅಧಿಕಾರಕ್ಕೇರಲು ನೆರವಾಗಿದ್ದ ಪಕ್ಷದ ಸರ್ಕಾರ, ಅವರು ಬೇಡವೆಂದು ಕೇಳಿಕೊಂಡರೂ, ಅದೇ ವರ್ಷ ಪಾನನಿಷೇಧವನ್ನು ಸಡಿಲಿಸಿತು.

ಭಾಷೆ, ಪಕ್ಷ, ಮೈತ್ರಿ ಎಲ್ಲದರಲ್ಲೂ ಬದಲಾದ ರಾಜಾಜಿಯವರು ಪಾನನಿಷೇಧವೊಂದರಲ್ಲಿ ಕೊನೆಯವರೆಗೂ ಬದಲಾಗಲಿಲ್ಲ. ಅಧಿಕಾರದಲ್ಲಿದ್ದಾಗ ಜನರನ್ನು ತಿದ್ದಲು ಹೊರಟವರು, ಅಧಿಕಾರದ ಹೊರಗೆ ನಿಂತಾಗಲಷ್ಟೇ ಜನರ ತೀರ್ಪಿನ ಬೆಲೆಯನ್ನು ಅರಿತರು. ಆ ತೀರ್ಪು ತಮ್ಮ ಅತ್ಯಂತ ಪ್ರಿಯವಾದ ಸುಧಾರಣೆಯನ್ನೂ ಉಳಿಸದೇ ಹೋಗಬಹುದೆಂಬುದು ಅವರು ತೊಂಬತ್ತು ದಾಟಿದ ಮೇಲೆ ಎದುರಿಸಿದ ಸತ್ಯವಾಗಿತ್ತು.