ಸೆರೆಯಾಳಾಗಿ ಕಂಡ ನಾಡಿಗೆ ಧರ್ಮಾಧ್ಯಕ್ಷರಾಗಿ ಮರಳಿದ ಸಂತ ಪ್ಯಾಟ್ರಿಕರು

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬ್ರಿಗೇಡ್ ರಸ್ತೆಯ ಬಳಿಯಿರುವ ಸಂತ ಪ್ಯಾಟ್ರಿಕರ ದೇವಾಲಯವನ್ನು ನಾವೆಲ್ಲರೂ ಬಲ್ಲೆವು. 19ನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆಯ ಐರಿಷ್ ಕಥೋಲಿಕ ಸೈನಿಕರು ಅಲ್ಲಿ ಪೂಜೆಗೆ ಸೇರುತ್ತಿದ್ದರು. ಅವರು ತಮ್ಮ ನಾಡಿನ ಪಾಲಕರೆಂದು ನಂಬಿದ ಆ ಸಂತರಾದರೋ ಹುಟ್ಟಿನಿಂದ ಐರಿಷರಲ್ಲ. ಐರಿಷರು ಹಿಡಿದೊಯ್ದ ಗುಲಾಮರು.

ಐರ್ಲೆಂಡ್ ದ್ವೀಪವನ್ನು ರೋಮನರು ಎಂದೂ ಆಳಲಿಲ್ಲ. 5ನೆಯ ಶತಮಾನದಲ್ಲಿ ಅಲ್ಲಿ ಪಟ್ಟಣಗಳಿರಲಿಲ್ಲ. ಸಣ್ಣ ಸಣ್ಣ ಸೀಮೆಗಳಿಗೆ ಒಬ್ಬೊಬ್ಬ ಅರಸನಿದ್ದನು. ದನಕರುಗಳೇ ಸಂಪತ್ತು. ಕುಲಗಳ ಕಥೆಯನ್ನೂ ನ್ಯಾಯದ ಕಟ್ಟಳೆಗಳನ್ನೂ ಪಂಡಿತರು ಬಾಯಿಪಾಠದಿಂದ ಉಳಿಸಿಕೊಂಡಿದ್ದರು. ನೆಟ್ಟ ಕಲ್ಲುಗಳ ಅಂಚಿನಲ್ಲಿ ಗೀಟುಗಳನ್ನು ಕೊರೆದು ಹೆಸರು ಬರೆಯುವ ಒಗಮ್ ಎಂಬ ಲಿಪಿಯೊಂದಿತ್ತು. ಕಡಲು ದಾಟಿ ಬ್ರಿಟನ್ನಿನ ತೀರವನ್ನು ಕೊಳ್ಳೆ ಹೊಡೆಯುವ ತಂಡಗಳೂ ಇದ್ದುವು.

ಪ್ಯಾಟ್ರಿಕರು ಬ್ರಿಟನ್ನಿನ ಕ್ರೈಸ್ತ ಮನೆತನದವರು. ತಂದೆ ಕಾಲ್ಪೋರ್ನಿಯುಸ್ ಡೀಕನ್ ಆಗಿದ್ದರು, ತಾತ ಪೊತೀತುಸ್ ಗುರುಗಳಾಗಿದ್ದರು. ಆ ಕಾಲದಲ್ಲಿ ವಿವಾಹಿತ ಗುರುಗಳಿರುತ್ತಿದ್ದರೆಂಬುದನ್ನು ಓದುಗರು ನೆನೆಯಬೇಕು. ಆದರೂ ಹುಡುಗನಿಗೆ ದೇವರ ಗೊಡವೆಯಿರಲಿಲ್ಲ. ಸುಮಾರು 16ನೆಯ ವಯಸ್ಸಿನಲ್ಲಿ ಕಳ್ಳರ ತಂಡ ಅವನನ್ನು ಐರ್ಲೆಂಡಿಗೆ ಸಾಗಿಸಿತು. ಆರು ವರ್ಷ ಕುರಿ ಕಾಯುವ ಕೆಲಸ. ಮಳೆ, ಹಿಮ, ಚಳಿಗಳ ನಡುವೆ ನಸುಕಿಗೆ ಮುನ್ನವೇ ಎದ್ದು, ಹಗಲಿರುಳು ನೂರಾರು ಪ್ರಾರ್ಥನೆಗಳನ್ನು ಮಾಡತೊಡಗಿದನು. ಮನೆಯಲ್ಲಿ ಕಲಿಯದ ಭಕ್ತಿ ದಾಸ್ಯದಲ್ಲಿ ಬಂದಿತು.

ಕನಸಿನಲ್ಲಿ ಕೇಳಿದ ವಾಣಿಯನ್ನು ನಂಬಿ ಓಡಿಹೋಗಿ, ಸುಮಾರು 200 ಮೈಲಿ ನಡೆದು ಹಡಗು ಹಿಡಿದು, ಕೊನೆಗೆ ತಂದೆತಾಯಿಗಳನ್ನು ಸೇರಿದರು. ಇನ್ನೆಲ್ಲಿಯೂ ಹೋಗಬೇಡವೆಂದು ಮನೆಯವರು ಬೇಡಿದರು. ಅಷ್ಟರಲ್ಲಿ ಇನ್ನೊಂದು ಕನಸು: ವಿಕ್ತೋರಿಕುಸ್ ಎಂಬಾತ ಪತ್ರಗಳ ಕಟ್ಟು ತಂದು ಕೊಟ್ಟಂತೆ, ಪಶ್ಚಿಮ ಕಡಲಂಚಿನ ಐರಿಷ್ ಜನ ತಮ್ಮಲ್ಲಿಗೆ ಬಾರೆಂದು ಕರೆದಂತೆ.

ಅವರು ಧರ್ಮಾಧ್ಯಕ್ಷರಾಗಿ ಹೋದರು. ಐರ್ಲೆಂಡಿನಲ್ಲಿ ಮೊದಲೇ ಕೆಲವು ಕ್ರೈಸ್ತರಿದ್ದರು; 431ರಲ್ಲಿ ಜಗದ್ಗುರು ಚೆಲೆಸ್ತೀನರು ಪಲ್ಲಾದಿಯುಸರನ್ನು ಅವರಲ್ಲಿಗೆ ಕಳುಹಿಸಿದ್ದರು. ಆದರೆ ಸುವಾರ್ತೆ ಮುಟ್ಟದ ಎಡೆಗಳಿಗೆ ನಡೆದು ಸಾವಿರಾರು ಮಂದಿಗೆ ಜ್ಞಾನಸ್ನಾನವಿತ್ತವರು ಪ್ಯಾಟ್ರಿಕರು. ಹಾವುಗಳನ್ನು ಕಡಲಿಗೆ ಅಟ್ಟಿದರೆಂಬುದು, ಮೂರೆಲೆಯ ಸೊಪ್ಪಿನಿಂದ ತ್ರಿತ್ವವನ್ನು ಬೋಧಿಸಿದರೆಂಬುದು ಬಹುಕಾಲದ ನಂತರ ಹುಟ್ಟಿದ ಕಥೆಗಳು. ನಮಗೆ ಅವರೇ ಬರೆದ ಎರಡು ಲತೀನ್ ಬರಹಗಳು ಹೆಚ್ಚಿನವು. ಓದುವ ವಯಸ್ಸು ಸೆರೆಯಲ್ಲಿ ಕಳೆದುದರಿಂದ ತಮ್ಮ ಭಾಷೆ ಒರಟೆಂದು ಅವರಿಗೆ ಕಡೆಯವರೆಗೂ ನಾಚಿಕೆಯಿತ್ತು.

ಆ ನಾಚಿಕೆ ಒಮ್ಮೆ ಮಾತ್ರ ಅವರನ್ನು ತಡೆಯಲಿಲ್ಲ. ಕೊರೋತಿಕುಸ್ ಎಂಬ ಒಡೆಯನ ಸೈನಿಕರು, ಕ್ರೈಸ್ತರೆನಿಸಿಕೊಂಡವರೇ, ಹಣೆಯ ಮೇಲಿನ ಅಭಿಷೇಕದ ತೈಲ ಇನ್ನೂ ಆರದಿದ್ದ ಹೊಸ ವಿಶ್ವಾಸಿಗಳ ಮೇಲೆ ಬಿದ್ದರು. ಕೆಲವರನ್ನು ಕೊಂದರು, ಉಳಿದವರನ್ನು ಮಾರಲು ಎಳೆದೊಯ್ದರು. ಸೆರೆಯವರನ್ನು ಬಿಡಿಸಲು ಪ್ಯಾಟ್ರಿಕರು ಗುರುಗಳೊಬ್ಬರ ಕೈಯಲ್ಲಿ ಪತ್ರ ಕಳುಹಿಸಿದರೆ ಸೈನಿಕರು ನಕ್ಕರು. ಆಗ ಅವರು ಎಲ್ಲರೆದುರು ಓದತಕ್ಕ ಎರಡನೆಯ ಪತ್ರ ಬರೆದು, ಆ ಕೊಲೆಗಾರರೊಡನೆ ಯಾರೂ ಉಣ್ಣಬಾರದು, ಅವರ ಕಾಣಿಕೆ ಮುಟ್ಟಬಾರದು ಎಂದು ವಿಧಿಸಿದರು. ಗುಲಾಮಗಿರಿ ಲೋಕರೂಢಿಯಾಗಿದ್ದ ಕಾಲದಲ್ಲಿ, ಸ್ವತಃ ಗುಲಾಮರಾಗಿದ್ದವರ ಕೋಪವದು. ಅದೇ ಪತ್ರದಲ್ಲಿ ಅವರು ತಮ್ಮನ್ನೂ ಐರಿಷರೊಡನೆ ಎಣಿಸಿಕೊಂಡಿದ್ದಾರೆ.

ಬ್ರಿಟನ್ನಿಗೆ ಹೋಗಿ ಬಂಧುಗಳನ್ನೂ ಗಾಲ್ ದೇಶಕ್ಕೆ ಹೋಗಿ ಸಹೋದರರನ್ನೂ ಕಾಣಬೇಕೆಂಬ ಹಂಬಲ ಅವರಿಗೆ ಬಲವಾಗಿತ್ತು. ಮಂದೆಯನ್ನು ಬಿಟ್ಟು ಹೋಗಲಾರದೆ ಐರ್ಲೆಂಡಿನಲ್ಲಿಯೇ ಉಳಿದರು. ಧರ್ಮಸಭೆ ಮಾರ್ಚ್ 17ರಂದು ಅವರ ಹಬ್ಬವನ್ನು ಆಚರಿಸುತ್ತದೆ.