ಮುಕ್ತಿ ಸದನದ ಪಂಡಿತಾ ರಮಾಬಾಯಿಯವರು

ಪಶ್ಚಿಮ ಘಟ್ಟದ ಮೇಲೆ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಸ್ಥಳಕ್ಕೆ ಗಂಗಾಮೂಲವೆಂದು ಹೆಸರು. ಆ ದಟ್ಟವಾದ ಅಡವಿಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಬ್ರಾಹ್ಮಣ ಕುಟುಂಬಕ್ಕೆ ಹೆಣ್ಣು ಮಗುವೊಂದು ಹುಟ್ಟಿತು. ಮುಂದೆ ಸಾವಿರಾರು ವಿಧವೆಯರಿಗೂ ತಬ್ಬಲಿಗಳಿಗೂ ತಾಯಿಯಾದ ಪಂಡಿತಾ ರಮಾಬಾಯಿಯವರು ಈ ಮಗುವೇ. ಇವರು ಪುಣೆಯ ಕಡೆಯಲ್ಲಿ ಸೇವೆಮಾಡಿದ್ದರಿಂದ ನಮ್ಮ ಸಭೆಗಳಲ್ಲಿ ಅನೇಕರು ಇವರನ್ನು ದೂರದವರೆಂದು ಎಣಿಸಿರುವರು. ಆದರೆ ಹುಟ್ಟಿದ ನೆಲವು ನಮ್ಮದೇ ಕನ್ನಡ ನಾಡು. ತಂದೆಯವರ ಮನೆತನವು ಕಾರ್ಕಳ ಸೀಮೆಯ ಮಾಳದಲ್ಲಿದ್ದ ಡೋಂಗರೆಯವರದು.

ತಂದೆಯಾದ ಅನಂತಶಾಸ್ತ್ರಿಗಳು ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಕಲಿಯುತ್ತಿದ್ದಾಗ, ಪೇಶ್ವೆಯವರ ಅರಮನೆಯಲ್ಲಿ ರಾಣಿಯೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಓದುವುದನ್ನು ಕಂಡು ಆಶ್ಚರ್ಯಪಟ್ಟರು. ತನ್ನ ಮನೆಯಲ್ಲಿಯೂ ಹೀಗಾಗಬೇಕೆಂಬ ಆಶೆಯು ಅಂದೇ ಅವರಲ್ಲಿ ಬೇರೂರಿತು. ಕಾಲಾನಂತರ ತಮ್ಮ ಎರಡನೆಯ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತವನ್ನು ಕಲಿಸತೊಡಗಿದರು. ಮದುವೆಯಾದಾಗ ಆಕೆಗೆ ಒಂಬತ್ತೇ ವರುಷ. ಹೆಂಗಸಿಗೆ ದೇವಭಾಷೆಯನ್ನು ಕಲಿಸಬಹುದೋ ಎಂದು ಊರವರು ಗದ್ದಲವೆಬ್ಬಿಸಲು, ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿದರು. ಆಮೇಲೆ ಗಂಗಾಮೂಲದ ಕಾಡಿಗೆ ಹೋಗಿ ಮನೆಕಟ್ಟಿದರು. ಅಲ್ಲಿ ಮೊದಲನೆಯ ರಾತ್ರಿ ಮನೆಯೂ ಇಲ್ಲದೆ ಬಯಲಲ್ಲಿ ಮಲಗಿದ್ದಾಗ, ಹುಲಿಯ ಘರ್ಜನೆಯನ್ನು ಕೇಳಿ ಆ ಬಾಲಪತ್ನಿಯು ಕೌದಿಯನ್ನು ಹೊದ್ದು ನಡುಗುತ್ತಿದ್ದಳೆಂದು ಹೇಳುತ್ತಾರೆ.

ರಮಾಬಾಯಿಯವರಿಗೆ ಸುಮಾರು ಆರು ತಿಂಗಳಾದಾಗ ಕುಟುಂಬವು ಆ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ. ಅಂದಿನಿಂದ ಹದಿನಾರು ವರುಷಗಳ ತನಕ ಅವರಿಗೆ ನೆಲೆಯಾದ ಮನೆಯಿಲ್ಲ. ದೇವಸ್ಥಾನಗಳಲ್ಲಿಯೂ ಕೆರೆಯ ದಡಗಳಲ್ಲಿಯೂ ಪುರಾಣವನ್ನು ಓದುವುದು, ಕೇಳುವವರು ಕೊಟ್ಟದ್ದರಿಂದ ಜೀವಿಸುವುದು, ಇದೇ ಅವರ ಬಾಳು. ಓದುಬರಹವನ್ನು ತಾಯಿಯೇ ಕಲಿಸಿದಳು. ಹನ್ನೆರಡನೆಯ ವಯಸ್ಸಿನೊಳಗೆ ಈ ಹುಡುಗಿಗೆ ಭಾಗವತದ 18,000 ಶ್ಲೋಕಗಳು ಕಂಠಪಾಠವಾಗಿದ್ದವು. ಅಕ್ಕನಾದ ಕೃಷ್ಣಾಬಾಯಿಗೆ ಬಾಲ್ಯದಲ್ಲಿ ಮಾಡಿದ ಮದುವೆಯು ದುಃಖವನ್ನೇ ತಂದದ್ದರಿಂದ, ಕಿರಿಯ ಮಗಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡೆನೆಂದು ತಂದೆಯು ನಿಶ್ಚಯಿಸಿದ್ದನು.

ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಮುಂದೆ ಕೇಡಗಾಂವದಲ್ಲಿ ಕಟ್ಟಿದ ಎಲ್ಲಾದರ ಬೇರು ಈ ವರುಷಗಳಲ್ಲಿದೆ.

1874ರ ಸುಮಾರಿಗೆ ದಕ್ಷಿಣದಲ್ಲಿ ಬರಗಾಲ ಬಂತು. ಪುರಾಣವನ್ನು ಕೇಳುವವರೂ ಕಾಳು ಕೊಡುವವರೂ ಇಲ್ಲವಾದರು. ಕುಟುಂಬದವರು ಒಡವೆಗಳನ್ನು ಮಾರಿದರು. ಆಮೇಲೆ ಒಳ್ಳೆಯ ಬಟ್ಟೆಗಳನ್ನು, ಆಮೇಲೆ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಮಾರಿದರು. ಅಡವಿಯ ಸೊಪ್ಪನ್ನು ತಿಂದರು. ಐದು ಮಂದಿಯ ತಲೆಯೊಳಗೆ ಶಾಸ್ತ್ರವೂ ಕಾವ್ಯವೂ ತುಂಬಿದ್ದವು. ಆದರೆ ಒಂದು ಹಿಡಿ ಕಾಳನ್ನು ದುಡಿದು ತರುವ ಕೆಲಸವು ಅವರಲ್ಲಿ ಒಬ್ಬರಿಗೂ ತಿಳಿಯದು. ಕೂಲಿಮಾಡುವುದಕ್ಕೆ ಕುಲದ ಅಭಿಮಾನವೂ ವಿದ್ಯೆಯ ಅಭಿಮಾನವೂ ಬಿಡಲಿಲ್ಲ. ಕೊನೆಗೆ ಅಡವಿಯಲ್ಲಿ ಸಾಯುವುದೇ ಮಾನವೆಂದು ಅವರು ಹೊರಟಾಗ, ಮಗನಾದ ಶ್ರೀನಿವಾಸನು ತಾನು ಕೂಲಿಗೆ ಹೋಗುವೆನೆಂದು ಹೇಳಿದನು. ಆ ಮಾತು ತಡವಾಗಿ ಬಂತು. ತಂದೆಯು ಹಸಿವಿನಿಂದ ಕುಗ್ಗಿ ತೀರಿಹೋದನು. ಕೆಲವು ತಿಂಗಳಲ್ಲಿ ತಾಯಿಯೂ ಹಾಸಿಗೆ ಹಿಡಿದು, ಒಂದು ತುಂಡು ರೊಟ್ಟಿಯನ್ನು ಆಶಿಸಿದಳು. ಮಗಳು ನೆರೆಮನೆಯ ಬಾಗಿಲಿಗೆ ಹೋಗಿ ನಿಂತಳು. ಬೇಡುವುದಕ್ಕೆ ಬಾಯಿ ಬರಲಿಲ್ಲ, ಕಣ್ಣೀರು ಬಂತು. ಆ ಮನೆಯ ಹೆಂಗಸು ಅದನ್ನು ತಿಳಿದು ದಯೆಯಿಂದ ರೊಟ್ಟಿಯನ್ನು ಕೊಟ್ಟಳು. ತಂದುಕೊಟ್ಟಾಗ ತಾಯಿಗೆ ತಿನ್ನುವ ಶಕ್ತಿಯಿರಲಿಲ್ಲ. ಹೆಣವನ್ನು ಹೊರುವುದಕ್ಕೆ ಇಬ್ಬರು ಮಾತ್ರ ಬಂದರು. ಮಗನು ಮೂರನೆಯವನು, ಮಗಳು ನಾಲ್ಕನೆಯವಳು. ಆಕೆ ಕುಳ್ಳಾಗಿದ್ದುದರಿಂದ ಚಟ್ಟದ ಮೂಲೆಯು ಹೆಗಲಿಗೆ ನಿಲ್ಲದೆ, ತಲೆಯ ಮೇಲೆಯೇ ಹೊರಬೇಕಾಯಿತು. ಬಳಿಕ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣತಂಗಿಯರು ಕಾಶ್ಮೀರದಿಂದ ಬಂಗಾಳದ ತನಕ 4,000 ಮೈಲುಗಳಿಗಿಂತ ಹೆಚ್ಚಾಗಿ ಕಾಲ್ನಡೆಯಾಗಿ ಅಲೆದರು. ಉತ್ತರದ ಚಳಿಯಲ್ಲಿ ಹೊದಿಕೆಯಿಲ್ಲದೆ, ಹೊಳೆಯ ದಡದಲ್ಲಿ ಎರಡು ಗುಂಡಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲಾ ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದರು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಪಂಡಿತರು ಇವರನ್ನು ಪರೀಕ್ಷಿಸಿ ಬೆರಗಾಗಿ, ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಎರಡು ವರುಷಗಳಲ್ಲಿ ಅಣ್ಣನೂ ಸತ್ತನು. 1880ರಲ್ಲಿ ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ, ಶೂದ್ರನೆಂದು ಎಣಿಸಲ್ಪಟ್ಟ ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ವಕೀಲರನ್ನು ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ನೆಲೆಸಿದರು. ಆ ಮನೆಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಅವರ ಕೈಗೆ ಸಿಕ್ಕಿತು. 1881ರಲ್ಲಿ ಮನೋರಮೆ ಹುಟ್ಟಿದಳು. ಮಗುವಿಗೆ ವರುಷ ತುಂಬುವ ಮೊದಲೇ, 1882ರಲ್ಲಿ, ಗಂಡನು ವಾಂತಿಭೇದಿಯಿಂದ ಮರಣಹೊಂದಿದನು. ಹೀಗೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮುಂಚೆಯೇ ಆಕೆಯು ತಬ್ಬಲಿಯೂ ವಿಧವೆಯೂ ಆದಳು.

ಅದೇ ವರುಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರಕಾರದ ವಿದ್ಯಾ ಕಮಿಶನ್ನಿನ ಮುಂದೆ ಸಾಕ್ಷಿ ಹೇಳುತ್ತಾ, ಈ ದೇಶದ ಹೆಂಗಸರಿಗೆ ಹೆಂಗಸರೇ ಉಪಾಧ್ಯಾಯಿನಿಯರೂ ವೈದ್ಯರೂ ಆಗಬೇಕೆಂದು ಕೇಳಿಕೊಂಡರು. 1883ರಲ್ಲಿ ಹೆಚ್ಚಿನ ವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಆ ಸಹೋದರಿಯರು ಲಂಡನ್ನಿನ ಫುಲ್ಹಮ್ಮಿನಲ್ಲಿ, ದಾರಿತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯವನ್ನು ನಡಿಸುತ್ತಿದ್ದರು. ಲೋಕವು ಹೊರಗೆ ದಬ್ಬಿದ ಹೆಂಗಸರನ್ನು ಕರೆದು ಪ್ರೀತಿಯಿಂದ ಸಾಕುವವರನ್ನು ರಮಾಬಾಯಿಯವರು ಅದಕ್ಕೆ ಮುಂಚೆ ಎಲ್ಲಿಯೂ ಕಂಡಿರಲಿಲ್ಲ. ಅದಕ್ಕೆ ಕಾರಣವನ್ನು ವಿಚಾರಿಸಿದಾಗ, ಕರ್ತನು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿಯಲ್ಲಿ ಮಾತಾಡಿದ ಸಂಗತಿಯನ್ನು ಒಬ್ಬ ಸಹೋದರಿಯು ತಿಳಿಸಿದಳು. ಅದೇ ವರುಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ವಾಗ್ವಾದಗಳಲ್ಲಿ ಪಂಡಿತರನ್ನು ಸೋಲಿಸಬಲ್ಲ ಈ ಸ್ತ್ರೀಯನ್ನು ವಾಗ್ವಾದವು ಗೆಲ್ಲಲಿಲ್ಲ, ಒಂದು ಮನೆಯು ಗೆದ್ದಿತು ಎಂಬುದನ್ನು ವಾಚಕರು ಗಮನಿಸಲಿ. ಹಾಗೆಂದು ಆಕೆಯು ಗುರುಗಳ ಮಾತಿಗೆಲ್ಲಾ ತಲೆಬಾಗುವವಳಲ್ಲ. ಮತದ ವಿಷಯಗಳಲ್ಲಿ ಆ ಸಹೋದರಿಯರೊಡನೆ ಪತ್ರಮುಖವಾಗಿ ಬಹಳ ವಾದಿಸಿದಳು.

1886ರಲ್ಲಿ ಅಮೇರಿಕಕ್ಕೆ ಹೋಗಿ, ಚಿಕ್ಕಮಕ್ಕಳಿಗೆ ಆಟದಿಂದ ಪಾಠ ಕಲಿಸುವ ಫ್ರೋಬೆಲನ ಪದ್ಧತಿಯನ್ನು ಕಲಿತರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಕಷ್ಟವನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದನ್ನು ಓದಿದವರ ಮನಸ್ಸು ಕರಗಿ, ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವು ಹುಟ್ಟಿತು. ಒಂದು ವಿಧವಾಶ್ರಮಕ್ಕೆ ಹತ್ತು ವರುಷಗಳ ತನಕ ಹಣ ಕೊಡುವೆವೆಂದು ಸಂಘದವರು ಒಪ್ಪಿಕೊಂಡರು. 1889ನೆಯ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಮೊದಲು ಬಂದ ಬಾಲವಿಧವೆಯ ಹೆಸರು ಗೋದೂಬಾಯಿ. ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಲೋಕದ ನಿಂದೆಯನ್ನು ಲಕ್ಷಿಸದೆ ಈಕೆಯನ್ನು ಮದುವೆಯಾದರು. 1896ರಲ್ಲಿ ಅವರೂ ವಿಧವೆಯರಿಗಾಗಿ ಒಂದು ಆಶ್ರಮವನ್ನು ಆರಂಭಿಸಿದರು.

ಶಾರದಾ ಸದನದ ಒಂದು ಏರ್ಪಾಡು ನಮ್ಮವರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅಲ್ಲಿ ಬ್ರಾಹ್ಮಣ ವಿಧವೆಯರಿಗೆ ಬೇರೆ ಅಡಿಗೆಮನೆಯಿತ್ತು. ತಮ್ಮ ಆಚಾರವನ್ನು ನಡಿಸಿಕೊಳ್ಳಲು ಅವರಿಗೆ ಅಡ್ಡಿಯಿರಲಿಲ್ಲ. ಜಾತಿಯನ್ನು ತಾನೇ ಬಿಟ್ಟವಳು ಇದನ್ನು ಯಾಕೆ ಸಹಿಸಿದಳೆಂದು ಕೇಳುವಿರಾ? ಹಸಿದವಳಿಗೂ ಅನ್ನಕ್ಕೂ ನಡುವೆ ಗೋಡೆಯನ್ನು ಕಟ್ಟುವುದಕ್ಕೆ ಆಕೆಗೆ ಮನಸ್ಸು ಬರಲಿಲ್ಲವೆಂದೇ ನಾವು ತಿಳಿಯುತ್ತೇವೆ. ಮತವನ್ನು ಬೋಧಿಸುವುದಿಲ್ಲವೆಂದು ಹಿತೈಷಿಗಳಿಗೆ ಮಾತು ಕೊಟ್ಟಿದ್ದರು, ಬೋಧಿಸಲೂ ಇಲ್ಲ. ಆದರೆ ಬೆಳಿಗ್ಗೆ ತಾವು ಮಗಳೊಡನೆ ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂತುಕೊಳ್ಳತೊಡಗಿದರು. 1890ರಲ್ಲಿ ಸದನವು ಪುಣೆಗೆ ಬಂದ ಮೇಲೆ ಈ ಸುದ್ದಿಯು ಹಬ್ಬಿ, ತಿಲಕರ ಕೇಸರಿ ಪತ್ರಿಕೆಯಲ್ಲಿ ಕಠಿಣವಾದ ಲೇಖನಗಳು ಬಂದವು. 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದ ಸಲಹೆಗಾರರು ತಮ್ಮ ಸ್ಥಾನಗಳನ್ನು ಬಿಟ್ಟರು. ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಪೋಷಕರು ಕರೆದುಕೊಂಡು ಹೋದರು.

ಆ ಸಲಹೆಗಾರರನ್ನು ನಾವು ದೂಷಿಸುವುದಿಲ್ಲ. ಅವರು ಸ್ತ್ರೀವಿದ್ಯೆಗಾಗಿ ಸ್ವಜನರಿಂದಲೇ ನಿಂದೆಯನ್ನು ತಾಳಿದವರು. ತಮ್ಮ ಮಾತನ್ನು ನಂಬಿ ಹೆಣ್ಣುಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೆ ಉತ್ತರ ಕೊಡಬೇಕಾದವರು. ಆದರೆ ರಮಾಬಾಯಿಯವರ ಕಡೆಯಿಂದಲೂ ನೋಡಬೇಕು. ಬಾಗಿಲಿಗೆ ಅಗುಳಿ ಹಾಕಿದ್ದರೆ ಸದನವೂ ಉಳಿಯುತ್ತಿತ್ತು, ದೊಡ್ಡವರ ಸ್ನೇಹವೂ ಉಳಿಯುತ್ತಿತ್ತು. ಯಾವ ಹಿಂದೂ ತಾಯಿಯೂ ತನ್ನ ಮನೆಯಲ್ಲಿ ಪೂಜೆಮಾಡುವಾಗ ಮಕ್ಕಳನ್ನು ಹೊರಗಿಟ್ಟು ಕದ ಹಾಕುವುದಿಲ್ಲವಷ್ಟೆ. ತಾನು ಮಾತ್ರ ಯಾಕೆ ಹಾಕಬೇಕೆಂಬುದೇ ಆಕೆಯ ವಾದ. ಇದು ಶಾಲೆಯೋ ಮನೆಯೋ ಎಂಬುದೇ ಆ ಜಗಳದ ಮೂಲವು. ಆಕೆಯು ಮನೆಯೆಂದಳು; ಅದರ ಬೆಲೆಯನ್ನೂ ತೆತ್ತಳು.

1896ರಲ್ಲಿಯೂ 1897ರಲ್ಲಿಯೂ ಮಧ್ಯಪ್ರಾಂತಗಳಲ್ಲಿ ಘೋರವಾದ ಬರ. ಕೂಲಿಯ ಬಿಡಾರಗಳಲ್ಲಿಯೂ ದಾರಿಗಳ ಬದಿಯಲ್ಲಿಯೂ ಬಿದ್ದಿದ್ದ ಹೆಣ್ಣುಮಕ್ಕಳನ್ನು ದುಷ್ಟರು ಹಿಡಿದು ಮಾರುತ್ತಿದ್ದರು. ರಮಾಬಾಯಿಯವರು ತಮ್ಮ ಬರಗಾಲದ ದಿನಗಳನ್ನು ನೆನಸಿ ಅಲ್ಲಿಗೆ ಹೋಗಿ, ಸುಮಾರು 300 ಮಂದಿಯನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಬಾರದೆಂದು ಅಧಿಕಾರಿಗಳು ಆಜ್ಞೆಮಾಡಲು, ಪುಣೆಯಿಂದ ಮೂವತ್ತೈದು ಮೈಲಿನ ಸುಮಾರಿಗೆ ಕೇಡಗಾಂವದಲ್ಲಿ ತೋಟಕ್ಕಾಗಿ ಕೊಂಡಿದ್ದ ನೂರು ಎಕರೆ ಭೂಮಿಯೇ ಗತಿಯಾಯಿತು. ಮೊದಲು ಗುಡಿಸಲುಗಳು, ಆಮೇಲೆ ಕಲ್ಲಿನ ಕಟ್ಟಡಗಳು. ಹೀಗೆ ಮುಕ್ತಿ ಸದನವು ಹುಟ್ಟಿತು. ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡಿಸಿಕೊಂಡ ರೀತಿಯನ್ನು ಖಂಡಿಸಿ ಅವರು ಅದೇ ವರುಷ ಪತ್ರಿಕೆಗೆ ಬರೆದದ್ದರಿಂದ ಮುಂಬಯಿಯ ಗವರ್ನರಿಗೂ ಸಿಟ್ಟು ಬಂತು. ಕ್ರೈಸ್ತಳಾದ್ದರಿಂದ ದೊರೆಗಳ ಪಕ್ಷದವಳೆಂದು ಆಕೆಯನ್ನು ಹಳಿದವರು ಇದನ್ನೂ ಎಣಿಕೆಗೆ ತಂದುಕೊಳ್ಳಬೇಕಾಗಿತ್ತು.

1900ರಲ್ಲಿ ಗುಜರಾತಿನ ಬರದಿಂದ ಮತ್ತೂ ನೂರಾರು ಮಂದಿ ಬಂದರು. ಒಟ್ಟು ಸಂಖ್ಯೆಯು ಎರಡು ಸಾವಿರಕ್ಕೆ ಸಮೀಪವಾಯಿತು. ಎಲುಬು ತೊಗಲಾಗಿ, ತಲೆಯಲ್ಲಿ ಹುಣ್ಣು ತುಂಬಿ, ಕದಿಯುವುದನ್ನೂ ಕಚ್ಚಾಡುವುದನ್ನೂ ಮಾತ್ರ ಬಲ್ಲ ಆ ಮಕ್ಕಳನ್ನು ತೊಳೆದು ಉಣಿಸಿದವರು ಯಾರು? ಶಾರದಾ ಸದನದ ವಿಧವೆಯರೇ. ತಮ್ಮ ಮನೆಗಳಲ್ಲಿ ಅಪಶಕುನವೆಂದು ಮೂಲೆಗೆ ತಳ್ಳಲ್ಪಟ್ಟಿದ್ದ ಹುಡುಗಿಯರು ಇಲ್ಲಿ ಪರರ ಮಕ್ಕಳಿಗೆ ತಾಯಂದಿರಾದರು. ಬೆಳಿಗ್ಗೆ ಅಕ್ಷರ, ಆಮೇಲೆ ಕೈಕೆಲಸ. ನೇಯುವುದು, ಹೊಲಿಯುವುದು, ಗಾಣ ನಡಿಸುವುದು, ಹೈನು, ಹೊಲ, ಅಗಸರ ಕೆಲಸ, ಅಚ್ಚುಕೂಟದ ಕೆಲಸ, ಇವುಗಳಲ್ಲಿ ಒಂದನ್ನಾದರೂ ಕಲಿಯದೆ ಅಲ್ಲಿಂದ ಹೊರಡುವವರು ಕಡಿಮೆ. ಹದಿನೆಂಟು ಸಾವಿರ ಶ್ಲೋಕಗಳಿದ್ದರೂ ರೊಟ್ಟಿಯಿಲ್ಲದೆ ತಾಯಿಯನ್ನು ಕಳೆದುಕೊಂಡವಳು ಮಾಡಿದ ಏರ್ಪಾಡು ಇದು. ದಾರಿತಪ್ಪಿದವರಿಗೆ ಕೃಪಾ ಸದನ, ಮುದುಕಿಯರಿಗೂ ಬಲಹೀನರಿಗೂ ಪ್ರೀತಿ ಸದನ, ಗಂಡುಮಕ್ಕಳಿಗೆ ಸದಾನಂದ ಸದನ ಎಂದು ಬೇರೆ ಬೇರೆ ಮನೆಗಳಿದ್ದವು. ಮನೋರಮಾಬಾಯಿಯವರು ಬ್ರೈಲ್ ಲಿಪಿಯನ್ನು ಕಲಿತುಬಂದು ಕುರುಡರಿಗೂ ಓದಿಸಿದರು. ಅಮೇರಿಕದ ಹತ್ತು ವರುಷಗಳ ಒಪ್ಪಂದವು ಮುಗಿದ ಮೇಲೆ ಇಷ್ಟು ಬಾಯಿಗಳಿಗೆ ಗೊತ್ತಾದ ವರಮಾನವಿರಲಿಲ್ಲ. ಪ್ರಾರ್ಥಿಸುವುದು, ಬಾವಿ ತೋಡುವುದು, ಕಾಯಿಪಲ್ಯ ಬೆಳೆಸುವುದು, ಬಂದದ್ದನ್ನು ಹಂಚಿ ಉಣ್ಣುವುದು, ಹೀಗೆ ನಡೆಯಿತು.

1905ರಲ್ಲಿ ಮುಕ್ತಿಯಲ್ಲಿ ಉಂಟಾದ ಉಜ್ಜೀವನವನ್ನು ವಾಚಕರು ಬೇರೆ ಕಡೆ ಕೇಳಿರಬಹುದಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಹೆಚ್ಚು ತಿಳಿಯದ ಮತ್ತೊಂದು ಸಂಗತಿಯಿದೆ. 1912ರಲ್ಲಿ ರಮಾಬಾಯಿಯವರು ನಿಜಾಮರ ಸೀಮೆಯ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಮಗಳ ಸಹಾಯದಿಂದ ಒಂದು ಕ್ರೈಸ್ತ ಶಾಲೆಯನ್ನು ತೆರೆದರು. ಮನೋರಮಾಬಾಯಿಯವರೇ ಅದಕ್ಕೆ ಮುಖ್ಯಸ್ಥರಾದರು.

ವೃದ್ಧಾಪ್ಯದಲ್ಲಿ ಕಿವಿ ಕೇಳದು. ಆದಾಗ್ಯೂ ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವಂಥ ಸುಲಭವಾದ ಮರಾಠಿಯಲ್ಲಿ ಬರೆಯಬೇಕೆಂದು ಇಬ್ರಿಯ ಭಾಷೆಯನ್ನೂ ಗ್ರೀಕ್ ಭಾಷೆಯನ್ನೂ ಕಲಿತು, ಅನೇಕ ವರುಷ ಒಬ್ಬರೇ ಕೂತು ಭಾಷಾಂತರಿಸಿದರು. ವೇದಶಾಲೆಯಲ್ಲಿ ಇಬ್ರಿಯ ಅಕ್ಷರಗಳೊಡನೆ ಹೆಣಗಾಡಿದ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಕೆಲಸವೆಂದು ಚೆನ್ನಾಗಿ ಗೊತ್ತು. ತನ್ನ ಬಳಿಕ ಮುಕ್ತಿಯನ್ನು ನಡಿಸುವಳೆಂದು ನಂಬಿದ್ದ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ಕಣ್ಣುಮುಚ್ಚಿದಳು. ತಾಯಿಯು ಅಚ್ಚಿನ ಹಾಳೆಗಳನ್ನು ತಿದ್ದುವ ಕೆಲಸಕ್ಕೆ ತಿರಿಗಿ ಕೂತಳು. ಅದನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಕರ್ತನ ಬಳಿಗೆ ಹೋದಳು. ಮುಕ್ತಿಯ ಅಚ್ಚುಕೂಟದಲ್ಲಿ ಆ ಸತ್ಯವೇದವು 1924ರಲ್ಲಿ ಪೂರ್ತಿಯಾಗಿ ಹೊರಬಂತು. ಕೇಡಗಾಂವದ ಆ ಮನೆಯು ಇಂದಿಗೂ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಸೇರಿಸಿಕೊಳ್ಳುತ್ತಿದೆ.